ರಿಸರ್ವ್ಸ್ ಪಂದ್ಯ: ಯಾರು ಆಡಿದರು, ಯಾರು ಸುಮ್ನೆ ಬಾಲ್ ಮುಟ್ಟಿದರು?

ವೆಸ್ಟ್‌ಗೇಟ್

ಶನಿವಾರ ಮೆಲ್ಬರ್ನ್‌ನ ವಿಲಿಯಮ್ಸ್‌ಟೌನ್‌ನಲ್ಲಿ ನಮ್ಮ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಮೇಲಿನ ಲೀಗ್) ಕ್ಲಬ್ಬಿನ ರಿಸರ್ವ್ಸ್, ಅಂದರೆ ಎರಡನೇ ತಂಡ, ಆಡಿದ್ದನ್ನು ಇಲ್ಲಿ ಇನ್ನೂ ಯಾರಾದರೂ ನೋಡಿದಿರಾ? ಸೋತೆವು, ಅದು ಬಿಡಿ. ಪಂದ್ಯ ಮುಗಿದು ಒಂದು ಗಂಟೆಯೂ ಆಗಿರಲಿಲ್ಲ, ಅಭಿಮಾನಿಗಳ ಗುಂಪುಗಳಲ್ಲಿ ಪಟ್ಟಿ ಶುರು. ಇವನಿಗೆ ಹತ್ತಕ್ಕೆ ಎಂಟು, ಅವನಿಗೆ ಮೂರು. ಇವನನ್ನು ಮುಂದಿನ ವಾರವೇ ಸೀನಿಯರ್ ತಂಡಕ್ಕೆ ಹಾಕಿ, ಅವನನ್ನು ವರ್ಷದ ಕೊನೆಗೆ ಮನೆಗೆ ಕಳಿಸಿ. ಬರೆದವರಲ್ಲಿ ಅರ್ಧ ಜನ ಅಂಕಿಗಳ ಪುಟ ಮಾತ್ರ ನೋಡಿದ್ದಾರೆ, ಆಟ ನೋಡಿಲ್ಲ. ಓದಿದರೆ ಗೊತ್ತಾಗುತ್ತೆ.

ನಾನು ಬೇಲಿ ಪಕ್ಕ ನಿಂತು ನಾಲ್ಕೂ ಕ್ವಾರ್ಟರ್ ನೋಡಿದೆ. ನನ್ನ ಲೆಕ್ಕ ಬೇರೆ. ಬೈಯುವವರು ಬೈಯಬಹುದು. ನಮ್ಮ ನಿಯಮದಂತೆ ಹುಡುಗರ ಹೆಸರು ಹಾಕುವುದಿಲ್ಲ, ಆಡಿದ ಜಾಗ ಮಾತ್ರ ಹೇಳುತ್ತೇನೆ.

ಮೊದಲು ಗಾಳಿಯ ವಿಷಯ. ಆ ಮೈದಾನ ಪಾಯಿಂಟ್ ಗೆಲಿಬ್ರಾಂಡ್‌ನಲ್ಲಿ ಸಮುದ್ರಕ್ಕೆ ಅಂಟಿಕೊಂಡೇ ಇದೆ. ಗಾಳಿ ಎದ್ದರೆ ಆಟವೆಲ್ಲ ಒಂದೇ ಗೋಲಿನ ಕಡೆ ಜಾರುತ್ತದೆ. ನಾವು ಹೊಡೆದ ಗೋಲುಗಳಲ್ಲಿ ಹೆಚ್ಚಿನವು ಗಾಳಿ ಬೆನ್ನಿಗಿದ್ದ ಎರಡು ಕ್ವಾರ್ಟರ್‌ಗಳಲ್ಲೇ ಬಂದವು. ಹಾಗಾಗಿ ಯಾರು ಎಷ್ಟು ಸಲ ಬಾಲ್ ಮುಟ್ಟಿದರು ಅನ್ನುವುದಕ್ಕಿಂತ ಯಾವ ಕ್ವಾರ್ಟರ್‌ನಲ್ಲಿ ಮುಟ್ಟಿದರು ಅನ್ನುವುದೇ ಮುಖ್ಯ.

ಎಲ್ಲರೂ ಹೊಗಳಿದ್ದು ಎಡಗಾಲಿನ ಹಾಫ್ ಬ್ಯಾಕ್ (ಹಿಂದಿನ ಸಾಲಿನ) ಹುಡುಗನನ್ನು. ನಮ್ಮ ತಂಡದಲ್ಲಿ ಅತಿ ಹೆಚ್ಚು ಡಿಸ್ಪೋಸಲ್ (ಕಿಕ್, ಹ್ಯಾಂಡ್‌ಬಾಲ್ ಎರಡೂ ಸೇರಿ) ಅವನದೇ. ಆದರೆ ನೋಡಿ, ಅವುಗಳಲ್ಲಿ ಬಹುಪಾಲು ಪಕ್ಕದಲ್ಲಿ ಖಾಲಿ ನಿಂತವನಿಗೆ ಒದ್ದದ್ದು, ಅವನಿಂದ ವಾಪಸ್ ತೆಗೆದುಕೊಂಡದ್ದು. ಮೈದಾನದ ನಡುವಿನ ದಾರಿ ತೆರೆದಿದ್ದಾಗಲೂ ಆ ಕಡೆ ತಲೆ ಎತ್ತಲಿಲ್ಲ. ನನ್ನ ಪ್ರಕಾರ ಸಾಧಾರಣ ಆಟ.

ರಕ್ ಆಡಿದ, ಅಂದರೆ ಅಂಪೈರ್ ಮೇಲೆಸೆದ ಬಾಲ್‌ಗೆ ಹಾರುವ ಉದ್ದನೆ ಹುಡುಗ ಹಿಟ್‌ಔಟ್ (ಆ ಬಾಲ್ ತಟ್ಟಿ ಕೊಡುವುದು) ರಾಶಿ ಹಾಕಿದ. ಮೊದಲರ್ಧದಲ್ಲಿ ಅವನು ತಟ್ಟಿದ ಬಾಲ್ ನೆಟ್ಟಗೆ ಎದುರಾಳಿಯ ಕೈಗೆ ಹೋಗುತ್ತಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ಗಾಳಿ ನೋಡಿಕೊಂಡು ಮುಂದಕ್ಕೆ ಉದ್ದಕ್ಕೆ ಗುದ್ದಲು ಶುರು ಮಾಡಿದ. ಪಂದ್ಯ ನಡೆಯುತ್ತಿರುವಾಗಲೇ ಕಲಿತ. ಅವನಿಗೆ ಅಂಕಿ ಹೇಳುವುದಕ್ಕಿಂತ ಜಾಸ್ತಿ ಕೊಡುತ್ತೇನೆ.

ಇನ್ನು ಚಿಕ್ಕ ಫಾರ್ವರ್ಡ್. ಬಾಲ್ ಮುಟ್ಟಿದ್ದು ಬೆರಳೆಣಿಕೆ. ಎಲ್ಲ ಪಟ್ಟಿಯಲ್ಲೂ ಕೊನೆಯಲ್ಲಿದ್ದಾನೆ. ಆದರೆ ಎದುರಾಳಿ ಡಿಫೆಂಡರ್‌ಗಳು ಅವನು ಓಡಿ ಬರುವುದನ್ನು ಕಂಡೇ ಅವಸರದಲ್ಲಿ ಒದ್ದು ಬಾಲ್ ಕಳೆದುಕೊಂಡರು. ನಮ್ಮ ಎರಡು ಗೋಲ್ ಹುಟ್ಟಿದ್ದೇ ಅಲ್ಲಿ. ಗೋಲ್ ಹೊಡೆದವರ ಹೆಸರು ಪುಟದಲ್ಲಿ ಬಂತು, ಇವನದು ಬರಲಿಲ್ಲ. ಶನಿವಾರದವರಲ್ಲಿ ಒಬ್ಬನನ್ನೇ ಮೇಲಕ್ಕೆ ಕಳಿಸು ಅಂದರೆ ನಾನು ಇವನನ್ನೇ ಕಳಿಸುತ್ತೇನೆ.

ಮಂಡಿ ಪೆಟ್ಟಿನಿಂದ ವಾಪಸ್ ಬಂದ ಹಿರಿಯ ಮಿಡ್‌ಫೀಲ್ಡರ್ ಬಗ್ಗೆ "ಎರಡನೇ ಅರ್ಧದಲ್ಲಿ ಕಾಣೆಯಾದ" ಅಂತ ಒಬ್ಬರು ಬರೆದಿದ್ದಾರೆ. ಸ್ವಾಮಿ, ಅವನು ಟ್ರ್ಯಾಕ್‌ಸೂಟ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ! ಅರ್ಧ ಪಂದ್ಯ ಆಡಿಸುವುದು ಮೊದಲೇ ಗೊತ್ತು ಮಾಡಿಕೊಂಡದ್ದು ಅಂತ ನೋಡಿದರೇ ತಿಳಿಯುತ್ತಿತ್ತು.

ಲೆಕ್ಕದ ಪುಸ್ತಕ

ವೆಸ್ಟ್‌ಗೇಟ್ ಸರ್, ಆ ಹಾಫ್ ಬ್ಯಾಕ್ ಮೇಲೆ ನಿಮಗೆ ಏನು ಕೋಪ? ಗಾಳಿ ಎದುರಿಗಿದ್ದಾಗ ಬಾಲ್ ಕೈಬಿಡದೆ ಇಟ್ಟುಕೊಳ್ಳುವುದೇ ಅವನ ಕೆಲಸ. ಅಡ್ಡಡ್ಡ ಒದ್ದರೆ ತಪ್ಪೇನು? ಗಡಿಯಾರ ಓಡಿತು, ಎದುರಾಳಿಗೆ ಬಾಲ್ ಸಿಗಲಿಲ್ಲ. ಉದ್ದಕ್ಕೆ ಒದ್ದು ಮೂರು ಸಲ ಕಳೆದುಕೊಂಡಿದ್ದರೆ ನೀವೇ "ತಲೆ ಇಲ್ಲ" ಅಂತ ಬರೆಯುತ್ತಿದ್ದಿರಿ.

ಚಿಕ್ಕ ಫಾರ್ವರ್ಡ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅದಕ್ಕೆ ಕಣ್ಣೇ ಬೇಕು ಅಂತಿಲ್ಲ, ಸರಿಯಾದ ಅಂಕಿ ನೋಡಿದರೆ ಸಾಕು. ಜನ ನೋಡುವುದು ಫ್ಯಾಂಟಸಿ ಅಂಕ. ಅದರ ಲೆಕ್ಕ ಹೀಗಿದೆ: ಕಿಕ್‌ಗೆ 3, ಹ್ಯಾಂಡ್‌ಬಾಲ್‌ಗೆ (ಮುಷ್ಟಿಯಿಂದ ಹೊಡೆದು ಕೊಡುವುದು) 2, ಮಾರ್ಕ್‌ಗೆ (ಒದ್ದ ಬಾಲನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿಯುವುದು) 3, ಟ್ಯಾಕಲ್‌ಗೆ 4, ಹಿಟ್‌ಔಟ್‌ಗೆ 1, ಗೋಲ್‌ಗೆ 6, ಬಿಹೈಂಡ್‌ಗೆ (ಗೋಲ್ ಪಕ್ಕದಲ್ಲಿ ಹೋದದ್ದು) 1. ಫ್ರೀ ಕಿಕ್ ಸಿಕ್ಕರೆ 1, ಕೊಟ್ಟರೆ 3 ಕಳೆಯುತ್ತಾರೆ.

ಈಗ ಲೆಕ್ಕ ಹಾಕಿ. ಖಾಲಿ ಜಾಗದಲ್ಲಿ ನಿಂತು ಒಂದು ಮಾರ್ಕ್ ಹಿಡಿದು ಪಕ್ಕದವನಿಗೆ ಒದ್ದರೆ 6 ಅಂಕ. ಗೋಲ್ ಮುಂದೆ ಫುಲ್ ಬ್ಯಾಕ್ ಜೀವ ಪಣಕ್ಕಿಟ್ಟು ಹಾರಿ, ಎದುರಾಳಿ ಹಿಡಿಯಬೇಕಿದ್ದ ಬಾಲನ್ನು ಗುದ್ದಿ ಹೊರಗೆ ಹಾಕಿದರೆ? ಸೊನ್ನೆ. ಆ ಗುದ್ದು ಒಂದು ಗೋಲ್ ಉಳಿಸಿರಬಹುದು. ಫ್ಯಾಂಟಸಿಗೆ ಅದು ಕಾಣುವುದೇ ಇಲ್ಲ. ರಕ್‌ನ ಹಿಟ್‌ಔಟ್ ನಮ್ಮವನ ಕೈಗೆ ಹೋದರೂ 1, ಎದುರಾಳಿ ಕೈಗೆ ಹೋದರೂ 1.

ನಾನು ನೋಡುವುದು ಬೇರೆ. ಗುಂಪಿನಲ್ಲಿ ಗುದ್ದಾಡಿ ಗೆದ್ದ ಬಾಲ್ ಎಷ್ಟು, ಸ್ಟಾಪೇಜ್‌ನಿಂದ (ಆಟ ನಿಂತು ಮತ್ತೆ ಶುರುವಾಗುವ ಕಡೆಯಿಂದ) ಹೊರತೆಗೆದದ್ದೆಷ್ಟು, ಎದುರಾಳಿಯ ಕಿಕ್ ಅಡ್ಡಗಟ್ಟಿದ್ದೆಷ್ಟು, ಕಳೆದದ್ದೆಷ್ಟು. ಇವೂ ಅಂಕಿಗಳೇ ಸರ್. ಅಂಕಿಗಳನ್ನೇ ಬೈಯಬೇಡಿ.

ಮಲ್ಲೇಶ್ವರ 18ನೇ ಕ್ರಾಸ್

ನಮಸ್ಕಾರ. ನಾನು ಬೆಂಗಳೂರಿನಿಂದ ಆ್ಯಪ್‌ನಲ್ಲಿ ನೋಡುವವನು. ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಪಂದ್ಯ ಅಂದರೆ ನಮಗೆ ಬೆಳಿಗ್ಗೆ ಒಂಬತ್ತೂವರೆ, ಶನಿವಾರದ ತಿಂಡಿ ಹೊತ್ತಿಗೆ ಸರಿಯಾಗುತ್ತದೆ. ಒಂದು ಸಣ್ಣ ಪ್ರಶ್ನೆ. ಇದು ರಿಸರ್ವ್ಸ್ ಲೀಗ್ ಅಂತೀರಿ. ವಿಲಿಯಮ್ಸ್‌ಟೌನ್‌ಗೆ ಎಎಫ್‌ಎಲ್ ತಂಡವೇ ಇಲ್ಲವಲ್ಲ? ಅವರು ಯಾರ ರಿಸರ್ವ್ಸ್?

ಕಡಲಹಕ್ಕಿ

ಯಾರ ರಿಸರ್ವ್ಸೂ ಅಲ್ಲ! ಇದನ್ನು ಕೇಳಿದ್ದಕ್ಕೆ ನಿಮಗೊಂದು ಕಾಫಿ ಬಾಕಿ.

ನಾನು ಆಲ್ಟೋನಾದಲ್ಲಿ ಇರುವವನು, ವಿಲಿಯಮ್ಸ್‌ಟೌನ್ ಸೀಗಲ್ಸ್ ಅಭಿಮಾನಿ. ಕ್ಲಬ್ ಹುಟ್ಟಿದ್ದು 1864ರಲ್ಲಿ. ನಾವು ಆಡುವ ಈ ಲೀಗ್, ಅಂದರೆ ಈಗಿನ ವಿಎಫ್‌ಎಲ್, ಹಿಂದೆ ವಿಎಫ್‌ಎ ಆಗಿತ್ತು, ಅದು 1877ರದ್ದು. ಅಂದರೆ ಎಎಫ್‌ಎಲ್ ಆಗಿ ಬೆಳೆದ ಲೀಗ್ ತನ್ನ ಮೊದಲ ಸೀಸನ್ ಆಡಿದ 1897ಕ್ಕಿಂತ ಹಳೆಯದು. ದೊಡ್ಡ ಕ್ಲಬ್ಬುಗಳು ತಮ್ಮ ರಿಸರ್ವ್ಸ್‌ಗೆ ಬೇರೆ ಲೀಗ್ ಇಟ್ಟುಕೊಂಡಿದ್ದವು, 1919ರಿಂದ 1999ರವರೆಗೆ. ಅದನ್ನು ಮುಚ್ಚಿ 2000ದಿಂದ ವಿಎಫ್‌ಎಲ್ ಜೊತೆ ಸೇರಿಸಿದರು. 2021ರಲ್ಲಿ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ತಂಡಗಳೂ ಬಂದವು. ಅಡಿಲೇಡ್, ಪೋರ್ಟ್ ಅಡಿಲೇಡ್ ರಿಸರ್ವ್ಸ್ ಮಾತ್ರ 2014ರಿಂದ ಅವರ ರಾಜ್ಯದ ಲೀಗ್‌ನಲ್ಲಿ ಆಡುತ್ತವೆ. ವೆಸ್ಟ್ ಕೋಸ್ಟ್ ರಿಸರ್ವ್ಸ್ 2019ರಿಂದ ಪಶ್ಚಿಮದ ಲೀಗ್‌ನಲ್ಲಿದೆ.

ಹಾಗಾಗಿ ಒಂದೇ ಲೀಗ್‌ನಲ್ಲಿ ಎರಡು ಜಾತಿಯ ತಂಡಗಳಿವೆ. ಒಂದು, ಎಎಫ್‌ಎಲ್ ಕ್ಲಬ್ಬಿನ ರಿಸರ್ವ್ಸ್. ಇನ್ನೊಂದು ನಮ್ಮಂಥ ಸ್ವತಂತ್ರ ಕ್ಲಬ್ಬು. ವೆರಿಬೀ, ಪೋರ್ಟ್ ಮೆಲ್ಬರ್ನ್, ಫ್ರ್ಯಾಂಕ್‌ಸ್ಟನ್, ಕೋಬರ್ಗ್ ಎಲ್ಲ ಹೀಗೆ. ನಮ್ಮ ಹುಡುಗರು ಹಗಲು ಕೆಲಸ ಮಾಡಿ ಸಂಜೆ ಲೈಟ್ ಹಾಕಿಕೊಂಡು ತರಬೇತಿ ಮಾಡುತ್ತಾರೆ. ಎದುರಿಗೆ ಪೂರ್ತಿ ದಿನ ಇದೇ ಕಸುಬು ಮಾಡುವ ಹುಡುಗರು ಬರುತ್ತಾರೆ. ಅವರನ್ನು ಶನಿವಾರ ನಾವು ಸೋಲಿಸಿದೆವು.

ಈಗ ವೆಸ್ಟ್‌ಗೇಟ್ ಅವರಿಗೆ. ಅಣ್ಣಾ, ಇಷ್ಟುದ್ದ ಬರೆದಿರಿ. ಮೈದಾನದಲ್ಲಿ ಇನ್ನೂ ಹದಿನೆಂಟು ಜನ ಇದ್ದರು, ಅವರಲ್ಲಿ ಒಬ್ಬನಾದರೂ ನಿಮ್ಮ ಕಣ್ಣಿಗೆ ಬೀಳಲಿಲ್ಲವಾ? ಪಂದ್ಯದ ಅತ್ಯುತ್ತಮ ಆಟಗಾರ ನಮ್ಮ ಮಿಡ್‌ಫೀಲ್ಡರ್. ನಿಮ್ಮ "ಮಂಡಿ ಪೆಟ್ಟಿನಿಂದ ವಾಪಸ್ ಬಂದ ಹಿರಿಯ" ಇದ್ದಾರಲ್ಲ, ಮೊದಲರ್ಧ ಪೂರ್ತಿ ಅವರ ಬೆನ್ನಿಗೆ ಬಿದ್ದಿದ್ದವನು ಅವನೇ. ಆಮೇಲೆ ಸೆಂಟರ್‌ನಿಂದ ಬಾಲ್ ತೆಗೆದು ತೆಗೆದು ಕೊಟ್ಟ.

ವೆಸ್ಟ್‌ಗೇಟ್

ಕಡಲಹಕ್ಕಿ, ಅವನ ಆಟ ನನಗೂ ಹಿಡಿಸಿತು. ಆದರೆ ನಾನು ಬರೆದದ್ದು ನಮ್ಮ ಕ್ಲಬ್ಬಿನ ಪಟ್ಟಿಯಲ್ಲಿ ಇರುವವರ ಬಗ್ಗೆ. ನನಗೆ ಬೇಕಾದ ಪ್ರಶ್ನೆ ಒಂದೇ: ಮುಂದಿನ ವಾರ ಸೀನಿಯರ್ ತಂಡಕ್ಕೆ ಯಾರು ಸಿದ್ಧ?

ಕಡಲಹಕ್ಕಿ

ನಿಮಗೆ ಒಂದೇ ಪ್ರಶ್ನೆ ಇರೋದೇ ತೊಂದರೆ. ನೀವು ಈ ಲೀಗನ್ನು ಬರೀ ಸಸಿ ಮಡಿ ಅಂತ ನೋಡುತ್ತೀರಿ. 2024ರ ಫೈನಲ್ ನೆನಪಿದೆಯಾ? ವೆರಿಬೀ ಗೆದ್ದದ್ದು. ಸೋಲಿಸಿದ್ದು ಕ್ವೀನ್ಸ್‌ಲ್ಯಾಂಡಿನ ಸೌತ್‌ಪೋರ್ಟನ್ನು. ಎರಡೂ ಸ್ವತಂತ್ರ ಕ್ಲಬ್ಬುಗಳು. ವೆರಿಬೀಗೆ 1993ರ ನಂತರ ಅದೇ ಮೊದಲ ಕಪ್. ಟಾರ್ನೀಟ್, ಪಾಯಿಂಟ್ ಕುಕ್ ಕಡೆ ನಮ್ಮ ಜನ ಎಷ್ಟಿದ್ದಾರೆ, ಅಲ್ಲಿಂದ ಕಾರಲ್ಲಿ ಸ್ವಲ್ಪ ಹೊತ್ತಿನ ದಾರಿ. ಎಷ್ಟು ಜನ ಒಂದು ಪಂದ್ಯವಾದರೂ ನೋಡಿದ್ದೀರಿ?

ಕಾರಿಯೋ ಮಾರಾಯ

ಮಾರಾಯ್ರೆ, ಇಬ್ಬರ ಜಗಳದಲ್ಲಿ ನಾನು ಜಿಲಾಂಗಿನಿಂದ ತಲೆ ಹಾಕುತ್ತೇನೆ. ಮುಂದಿನ ವಾರ ಯಾರು ಸಿದ್ಧ ಅಂತ ನೋಡುವವರೂ ಕಡಲಹಕ್ಕಿ ಹೇಳಿದ ಕಡೆ ಕಣ್ಣು ಹಾಕದೆ ಆಗುವುದಿಲ್ಲ. ಏಕೆ ಅಂತ ಹೇಳುತ್ತೇನೆ.

ನಮ್ಮ ಟಾಮ್ ಸ್ಟುವರ್ಟ್ 2016ರಲ್ಲಿ ಜಿಲಾಂಗ್ ವಿಎಫ್‌ಎಲ್ ತಂಡದಲ್ಲಿ ಆಡುತ್ತಿದ್ದ. ಡ್ರಾಫ್ಟ್ (ಎಎಫ್‌ಎಲ್ ಕ್ಲಬ್ಬುಗಳು ಹೊಸಬರನ್ನು ಆರಿಸುವುದು) ಆಗುವಾಗ ವಯಸ್ಸು 23. ಆಮೇಲೆ ಮತ್ತೆ ಮತ್ತೆ ಆಲ್ ಆಸ್ಟ್ರೇಲಿಯನ್ (ವರ್ಷದ ಅತ್ಯುತ್ತಮರ) ತಂಡದಲ್ಲಿ. ಜೇಮ್ಸ್ ಪೊಡ್ಸಿಯಾಡ್ಲಿ 2005ರಲ್ಲೇ ವಿಎಫ್‌ಎಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಲಿಸ್ಟನ್ ಟ್ರೋಫಿ ಗೆದ್ದವ. ಎಎಫ್‌ಎಲ್‌ನಲ್ಲಿ ಮೊದಲ ಪಂದ್ಯ ಆಡಿದ್ದು 2010ರಲ್ಲಿ, 28ನೇ ವಯಸ್ಸಿಗೆ. ಮರುವರ್ಷ ಕಪ್ ಗೆದ್ದ ತಂಡದಲ್ಲಿ ಇದ್ದ. ಐದು ವರ್ಷ ಅವನ ಆಟ ನೋಡಿದವರೆಲ್ಲ "ವಿಎಫ್‌ಎಲ್‌ಗೆ ಸರಿ, ಮೇಲೆ ಆಗಲಿಕ್ಕಿಲ್ಲ" ಅಂತ ಬರೆದುಕೊಂಡಿರಬೇಕು, ಅಲ್ವಾ?

ಮೈಕಲ್ ಬಾರ್ಲೋ ವೆರಿಬೀಯಿಂದ ಫ್ರೀಮ್ಯಾಂಟಲ್‌ಗೆ ಹೋದ. ಲ್ಯೂಕ್ ರಯಾನ್ ಕೋಬರ್ಗ್‌ನಿಂದ ಅದೇ ಕ್ಲಬ್ಬಿಗೆ ಹೋಗಿ 2020ರಲ್ಲಿ ಆಲ್ ಆಸ್ಟ್ರೇಲಿಯನ್ ಆದ. ಬೇಲಿ ಫ್ರಿಚ್ ಕೇಸಿಯಲ್ಲಿ ಆಡುತ್ತಿದ್ದವ, 2021ರ ಎಎಫ್‌ಎಲ್ ಫೈನಲ್‌ನಲ್ಲಿ ಮೆಲ್ಬರ್ನ್ ಪರ ಆರು ಗೋಲ್ ಹೊಡೆದ. ಇವರನ್ನೆಲ್ಲ ಯಾರೋ ಒಬ್ಬರು ಬೇಲಿ ಪಕ್ಕ ನಿಂತು ಸರಿಯಾಗಿ ನೋಡಿದ್ದರಿಂದಲೇ ಆಯಿತು.

ಲೆಕ್ಕದ ಪುಸ್ತಕ

ಜೈ ನ್ಯೂಕಮ್ ಬಿಟ್ಟಿರಿ. ಬಾಕ್ಸ್ ಹಿಲ್‌ನಲ್ಲಿ ಆಡುತ್ತಿದ್ದವನನ್ನು 2021ರ ಮಿಡ್‌ಸೀಸನ್ ಡ್ರಾಫ್ಟ್‌ನಲ್ಲಿ ಹಾಥಾರ್ನ್ ತೆಗೆದುಕೊಂಡಿತು. ಮೊದಲ ಎಎಫ್‌ಎಲ್ ಪಂದ್ಯದಲ್ಲೇ 14 ಟ್ಯಾಕಲ್. ಚೊಚ್ಚಲ ಪಂದ್ಯದ ಮಟ್ಟಿಗೆ ಅದು ದಾಖಲೆ. ವೆಸ್ಟ್‌ಗೇಟ್ ಸರ್ ಹೇಳುವ ಚಿಕ್ಕ ಫಾರ್ವರ್ಡ್ ವಿಷಯಕ್ಕೆ ಇದು ಸರಿಹೊಂದುತ್ತದೆ. ಟ್ಯಾಕಲ್ ಮಾಡುವ ಬುದ್ಧಿ ಕೆಳಗಿನ ಲೀಗ್‌ನಿಂದ ಮೇಲಿನ ಲೀಗ್‌ಗೆ ಹಾಗೇ ಸಾಗುತ್ತದೆ. ಖಾಲಿ ಜಾಗದಲ್ಲಿ ನಿಂತು ಬಾಲ್ ಬೇಡುವ ಆಟ ಸಾಗುವುದಿಲ್ಲ. ಮೇಲಿನ ಲೀಗ್‌ನಲ್ಲಿ ಆ ಖಾಲಿ ಜಾಗ ಸಿಗುವುದೇ ಇಲ್ಲ.

ವೆಸ್ಟ್‌ಗೇಟ್

ಹಾಫ್ ಬ್ಯಾಕ್ ಬಗ್ಗೆ ನಾನು ಹೇಳಿದ್ದೂ ಇದನ್ನೇ ಅಲ್ವಾ?

ಲೆಕ್ಕದ ಪುಸ್ತಕ

ಅಲ್ಲ. ಅವನು ಅಡ್ಡ ಒದ್ದದ್ದು ಗಾಳಿ ಎದುರಿಗಿದ್ದಾಗ.

ವೆಸ್ಟ್‌ಗೇಟ್

ಗಾಳಿ ಬೆನ್ನಿಗಿದ್ದಾಗಲೂ ಅಡ್ಡವೇ ಒದ್ದ! ಮೂರನೇ ಕ್ವಾರ್ಟರ್ ಮತ್ತೊಮ್ಮೆ ಹಾಕಿ ನೋಡಿ. ರಕ್ ಹುಡುಗ ದಿಕ್ಕು ಬದಲಿಸಿಕೊಂಡ, ಇವನು ಬದಲಿಸಲಿಲ್ಲ. ನನಗೆ ಇಬ್ಬರ ನಡುವೆ ಕಾಣುವ ವ್ಯತ್ಯಾಸ ಅಷ್ಟೇ.

ಆಸ್‌ಕಿಕ್ ಅಮ್ಮ

ನನ್ನ ಮಗ ಭಾನುವಾರ ಆಸ್‌ಕಿಕ್ (ಮಕ್ಕಳ ಫುಟಿ) ಆಡುತ್ತಾನೆ. ಶನಿವಾರ ನಾವೂ ಅಲ್ಲೇ ಇದ್ದೆವು. ಅಂಕಿ ಗೊತ್ತಿಲ್ಲದ ನನ್ನಂಥವರಿಗೆ ಈ ಲೀಗ್‌ನಲ್ಲಿ ಇರುವ ದೊಡ್ಡ ಅನುಕೂಲ ಯಾರೂ ಹೇಳಲಿಲ್ಲ. ಕ್ವಾರ್ಟರ್ ಮುಗಿದಾಗ ಬೇಲಿ ದಾಟಿ ಮೈದಾನಕ್ಕೆ ಹೋಗಿ, ತಂಡ ಗುಂಪು ಕಟ್ಟಿಕೊಂಡು ನಿಂತ ಕಡೆ ಹಿಂದೆ ನಿಂತರೆ ಕೋಚ್ ಮಾತು ಕಿವಿಗೆ ಬೀಳುತ್ತದೆ. ಎಂಸಿಜಿಯಲ್ಲಿ ಆಗುತ್ತಾ ಇದು?

ನಾನು ಕೇಳಿಸಿಕೊಂಡದ್ದನ್ನು ಇಲ್ಲಿ ಪೂರ್ತಿ ಬರೆಯುವುದು ಸರಿಯಲ್ಲ. ಒಂದು ಮಾತ್ರ ಹೇಳುತ್ತೇನೆ. ನಮ್ಮ ಫುಲ್ ಬ್ಯಾಕ್ ಆಡಿದ ಹುಡುಗ ಇದ್ದಾನಲ್ಲ, ಪಟ್ಟಿಗಳಲ್ಲಿ ಎಲ್ಲರೂ ಅವನಿಗೆ ಕಡಿಮೆ ಕೊಟ್ಟಿದ್ದಾರೆ. ಅವನು ನಿಜಕ್ಕೂ ಫಾರ್ವರ್ಡ್. ಈಗ ಹಿಂದೆ ಆಡುವುದನ್ನು ಕಲಿಯುತ್ತಿದ್ದಾನೆ. ಕೋಚ್ ಅವನನ್ನು ಹತ್ತಿರ ಕರೆದು ಮಾತಾಡಿದ್ದು ಎಲ್ಲಿ ನಿಲ್ಲಬೇಕು ಅನ್ನುವುದರ ಬಗ್ಗೆ ಮಾತ್ರ. ಬಾಲ್ ಎಷ್ಟು ಸಿಕ್ಕಿತು ಅನ್ನೋ ಮಾತೇ ಬರಲಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅವನು ನಿಂತ ರೀತಿ ನೋಡಿ. ಮೊದಲು ತನ್ನ ಎದುರಾಳಿಯ ಹಿಂದೆ ನಿಲ್ಲುತ್ತಿದ್ದ, ಆಮೇಲೆ ಪಕ್ಕಕ್ಕೆ ಬಂದು ಒಂದು ಕೈ ಮುಟ್ಟಿಸಿಕೊಂಡು ನಿಂತ. ನಮ್ಮ ಹತ್ತಿರ ನಿಂತಿದ್ದ ಹಿರಿಯರೊಬ್ಬರು "ಈಗ ಸರಿಯಾಯಿತು" ಅಂದರು. ಆಮೇಲೆ ಎರಡು ಸಲ ಹಾರಿ ಗುದ್ದಿದ. ಲೆಕ್ಕದ ಪುಸ್ತಕ ಅವರೇ, ಆ ಎರಡೂ ಸೊನ್ನೆ ಅಂತೀರಲ್ಲ?

ಲೆಕ್ಕದ ಪುಸ್ತಕ

ಸೊನ್ನೆ ಅಂದದ್ದು ಫ್ಯಾಂಟಸಿ, ನಾನಲ್ಲ ಮೇಡಂ! ಆದರೆ ನೀವು ಹೇಳಿದ್ದು ತುಂಬಾ ಒಳ್ಳೆಯ ವಿಷಯ. ನಾವು ಇಲ್ಲಿ ಕೇಳುವ ಪ್ರಶ್ನೆ "ಎಷ್ಟು ಚೆನ್ನಾಗಿ ಆಡಿದ?" ಕೋಚ್ ಕೇಳುವ ಪ್ರಶ್ನೆ "ಹೇಳಿದ ಕೆಲಸ ಮಾಡಿದನಾ?" ಎರಡನೆಯದರ ಉತ್ತರ ನಮಗೆ ಸಿಗುವುದು ಕಷ್ಟ. ಹೇಳಿದ ಕೆಲಸ ಏನು ಅಂತ ನಮಗೆ ತಿಳಿಸುವವರು ಯಾರು?

ಹಳೇ ವಿಕೆಟ್ ಕೀಪರ್

ನನಗೆ ಫುಟಿ ಅಷ್ಟು ಗೊತ್ತಿಲ್ಲ, ಮೊಮ್ಮಕ್ಕಳ ಜೊತೆ ನೋಡುತ್ತೇನೆ. ಆದರೆ ಕೆಳಗಿನ ಹಂತದ ಆಟವನ್ನು ಅಳೆಯುವ ಈ ಚರ್ಚೆ ಮೈಸೂರಿನಲ್ಲಿ ರಣಜಿ ನೋಡುತ್ತಿದ್ದಾಗಿನಿಂದ ಕೇಳುತ್ತಿದ್ದೇನೆ.

ನಮ್ಮ ಮಯಂಕ್ ಅಗರ್ವಾಲ್ 2017ರ ನವೆಂಬರ್ ಒಂದೇ ತಿಂಗಳಲ್ಲಿ ರಣಜಿಯಲ್ಲಿ ಸಾವಿರಕ್ಕೂ ಹೆಚ್ಚು ರನ್ ಹೊಡೆದ. ಮಹಾರಾಷ್ಟ್ರದ ವಿರುದ್ಧ 304, ಔಟಾಗದೆ. ಆದರೂ ಟೆಸ್ಟ್ ಟೋಪಿ ಸಿಗಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಸಿಕ್ಕಿದ್ದು ಎಲ್ಲಿ? ಇದೇ ಮೆಲ್ಬರ್ನ್‌ನಲ್ಲಿ, 2018ರ ಡಿಸೆಂಬರ್ 26ರಂದು, ಎಂಸಿಜಿಯಲ್ಲಿ. ಆವತ್ತು ಇಲ್ಲಿನ ಕಾಮೆಂಟೇಟರ್ ಒಬ್ಬರು ಆ ತ್ರಿಶತಕವನ್ನು ರೈಲ್ವೆ ಕ್ಯಾಂಟೀನ್ ಸಿಬ್ಬಂದಿ ವಿರುದ್ಧ ಹೊಡೆದಿರಬೇಕು ಅಂತ ಗೇಲಿ ಮಾಡಿದರು. ಆಮೇಲೆ ಕ್ಷಮೆ ಕೇಳಿದರು. ಮಯಂಕ್ ಆ ಇನಿಂಗ್ಸ್‌ನಲ್ಲಿ 76 ಹೊಡೆದ.

ಕೆಳಗಿನ ಹಂತದ ರನ್‌ಗೆ ಬೆಲೆ ಇಲ್ಲ ಅನ್ನುವವರು ಎಲ್ಲ ಕಡೆ ಇದ್ದಾರೆ. ಅದೇ ರನ್ ನೋಡಿ "ನಾಳೆಯೇ ಟೆಸ್ಟ್‌ಗೆ ಹಾಕಿ" ಅನ್ನುವವರೂ ಇದ್ದಾರೆ. ಇಬ್ಬರೂ ಬೌಲಿಂಗ್ ಯಾರದು ಅಂತ ಕೇಳುವುದಿಲ್ಲ. ಶನಿವಾರದ ಪಂದ್ಯದಲ್ಲಿ ನಿಮ್ಮ ಹುಡುಗರ ಎದುರಿಗೆ ಯಾರಿದ್ದರು ಅಂತ ಕಡಲಹಕ್ಕಿಯವರು ಹೇಳುವವರೆಗೂ ಯಾರೂ ಬರೆಯಲಿಲ್ಲ.

ನಿರ್ವಾಹಕಿ

ಕೆಲವು ಹೊಸ ಸದಸ್ಯರು ಆಟಗಾರರ ಹೆಸರು, ಅವರ ಸೋಷಿಯಲ್ ಮೀಡಿಯಾ ಖಾತೆ ಎಲ್ಲ ಹಾಕಿದ್ದರು, ತೆಗೆದಿದ್ದೇನೆ. ಈ ಹುಡುಗರಲ್ಲಿ ಹಲವರಿಗೆ ಹದಿನೆಂಟು ಹತ್ತೊಂಬತ್ತು ವಯಸ್ಸು. ತಮ್ಮ ಬಗ್ಗೆ ಬರೆದದ್ದನ್ನು ಹುಡುಕಿ ಓದುತ್ತಾರೆ. ಕನ್ನಡದಲ್ಲಿದೆ ಅರ್ಥ ಆಗಲ್ಲ ಅಂದುಕೊಳ್ಳಬೇಡಿ, ಫೋನ್ ಒಂದು ಗುಂಡಿಯಲ್ಲಿ ಇಂಗ್ಲಿಷ್ ಮಾಡುತ್ತದೆ. ಹಳಬರ ಸಾಧನೆ ಎಲ್ಲರಿಗೂ ಗೊತ್ತಿರುವುದು, ಅದಕ್ಕೆ ತಡೆ ಇಲ್ಲ. ಮುಂದುವರಿಸಿ.

ಮಲ್ಲೇಶ್ವರ 18ನೇ ಕ್ರಾಸ್

ಇಷ್ಟು ಓದಿದ ಮೇಲೆ ಇನ್ನೊಂದು ಪ್ರಶ್ನೆ. ನನಗೆ ಕಾಣುವುದು ಕ್ಯಾಮೆರಾ ತೋರಿಸಿದ್ದು ಮಾತ್ರ, ಅಂದರೆ ಬಾಲ್ ಎಲ್ಲಿದೆಯೋ ಅದು. ನಾನು ಒಬ್ಬ ಆಟಗಾರನನ್ನು ಹೇಗೆ ಅಳೆಯಲಿ?

ಕಾರಿಯೋ ಮಾರಾಯ

ಒಳ್ಳೆಯ ಪ್ರಶ್ನೆ. ಪೂರ್ತಿ ಅಳೆಯಲಿಕ್ಕೆ ಆಗುವುದಿಲ್ಲ. ಹಿಂದಿನಿಂದ ಓಡಿ ಬಂದು ಜಾಗ ತುಂಬಿದವ, ಬಾಲ್ ಸಿಗದಿದ್ದರೂ ಎದುರಾಳಿಯನ್ನು ದೂರ ಎಳೆದುಕೊಂಡು ಹೋದವ, ಇವರೆಲ್ಲ ಪರದೆಯ ಹೊರಗೆ. ಆದರೆ ಕೆಲವು ಪರದೆಯಲ್ಲೂ ಕಾಣುತ್ತವೆ. ಒಬ್ಬನ ಕೈಯಿಂದ ಬಾಲ್ ಹೋದ ಮೇಲೆ ಮುಂದಿನ ಎರಡು ಸೆಕೆಂಡ್ ಅವನನ್ನೇ ನೋಡಿ. ನಿಂತನಾ, ಓಡಿದನಾ? ತಪ್ಪು ಮಾಡಿದ ಮೇಲೆ ಸೊಂಟದ ಮೇಲೆ ಕೈ ಇಟ್ಟನಾ, ಬಾಲ್ ಹಿಂದೆ ಹೋದನಾ? ನಾಲ್ಕನೇ ಕ್ವಾರ್ಟರ್‌ನಲ್ಲಿ ಇದನ್ನು ನೋಡಿದರೆ ಇನ್ನೂ ಒಳ್ಳೆಯದು. ಮೊದಲ ಕ್ವಾರ್ಟರ್‌ನಲ್ಲಿ ಎಲ್ಲರೂ ಓಡುತ್ತಾರೆ.

ಇನ್ನೊಂದು, ಕಿಕ್ ಹೋದ ಮೇಲೆ ಹಿಡಿಯುವವನನ್ನು ನೋಡಿ. ಅವನು ಓಡುತ್ತಲೇ ಎದೆ ಎತ್ತರದಲ್ಲಿ ಹಿಡಿದರೆ ಒದ್ದವನಿಗೆ ಅಂಕ ಕೊಡಿ. ಅವನು ನಿಂತು ಕಾಯಬೇಕಾಯಿತು, ಅಷ್ಟರಲ್ಲಿ ಎದುರಾಳಿ ಬಂದ ಅಂದರೆ ಕಿಕ್ ಲೆಕ್ಕದಲ್ಲಿ ಸರಿಯಾದದ್ದು ಅಂತ ಬಂದರೂ ಮೇಲಿನ ಲೀಗ್‌ಗೆ ಸಾಲದು.

ಆಸ್‌ಕಿಕ್ ಅಮ್ಮ

ಇದನ್ನು ನನ್ನ ಮಗನಿಗೂ ಹೇಳುತ್ತೇನೆ. ಅವನು ಕಿಕ್ ಮಾಡಿ ಅಲ್ಲೇ ನಿಂತು ನಮ್ಮನ್ನು ನೋಡಿ ಕೈ ಬೀಸುತ್ತಾನೆ.

ಕಡಲಹಕ್ಕಿ

ಅವನಿಗೆ ಹತ್ತಕ್ಕೆ ಹತ್ತು 😀

ಸರಿ, ಶನಿವಾರದ ಬಗ್ಗೆ ನನ್ನ ಲೆಕ್ಕವನ್ನೂ ಹಾಕಿಬಿಡುತ್ತೇನೆ, ಎರಡೂ ತಂಡ ಸೇರಿಸಿ. ಮೊದಲ ಸ್ಥಾನ ನಮ್ಮ ಮಿಡ್‌ಫೀಲ್ಡರ್‌ಗೆ, ಅದರಲ್ಲಿ ಮಾತೇ ಇಲ್ಲ. ಎರಡನೆಯದು ನಮ್ಮ ಹಿರಿಯ ಡಿಫೆಂಡರ್, ಕೊನೆಯ ಹತ್ತು ನಿಮಿಷ ತಂಡವನ್ನು ಬಾಯಿಂದಲೇ ನಡೆಸಿದ. ಬೇಲಿ ಪಕ್ಕ ನಿಂತವರಿಗೆಲ್ಲ ಅವನ ದನಿ ಕೇಳಿತ್ತು, ಯಾವ ಪುಟದಲ್ಲೂ ಅದು ದಾಖಲಾಗಿಲ್ಲ. ಮೂರನೆಯದು ನಿಮ್ಮ ಚಿಕ್ಕ ಫಾರ್ವರ್ಡ್‌ಗೆ. ನಮ್ಮವರೇ ಪಂದ್ಯ ಮುಗಿದ ಮೇಲೆ ಅವನ ಕೈ ಕುಲುಕಿ ಏನೋ ಹೇಳಿದ್ದು ಕಂಡಿತು. ಒಬ್ಬ ಡಿಫೆಂಡರ್ ನಿಮ್ಮನ್ನು ಹುಡುಕಿಕೊಂಡು ಬಂದು ಕೈ ಕುಲುಕಿದರೆ ಅದಕ್ಕಿಂತ ದೊಡ್ಡ ರೇಟಿಂಗ್ ಇಲ್ಲ.

ಆಮೇಲೆ ಒಂದು ಮಾತು. 2019ರ ವಿಎಫ್‌ಎಲ್ ಫೈನಲ್‌ನಲ್ಲಿ ರಿಚ್ಮಂಡ್ ಎದುರು ನಾವು ಸೋತದ್ದು ಬರೀ 3 ಅಂಕದಿಂದ. ಆವತ್ತು ಅತ್ಯುತ್ತಮ ಆಟಗಾರನ ಪದಕ ಗೆದ್ದವನು ಮಾರ್ಲಿಯನ್ ಪಿಕೆಟ್. ಆರು ದಿನ ಬಿಟ್ಟು ಅವನನ್ನು ಎಎಫ್‌ಎಲ್ ಫೈನಲ್‌ಗೇ ಹಾಕಿದರು. ಅದೇ ಅವನ ಮೊದಲ ಎಎಫ್‌ಎಲ್ ಪಂದ್ಯ, ವಯಸ್ಸು 27. ಫೈನಲ್‌ನಲ್ಲಿ ಚೊಚ್ಚಲ ಪಂದ್ಯ ಆಡಿದವರು 1952ರ ನಂತರ ಬೇರೆ ಯಾರೂ ಇರಲಿಲ್ಲ. ಎಂಸಿಜಿಯಲ್ಲಿ ರಿಚ್ಮಂಡ್ 89 ಅಂಕದಿಂದ ಗೆದ್ದಿತು, ಅವನೂ ಒಂದು ಗೋಲ್ ಹೊಡೆದ. ಸೋತ ತಂಡದ ಅಭಿಮಾನಿಯಾಗಿ ಆ ವಾರ ನಾನು ಎಲ್ಲರಿಗೂ ಹೇಳಿದ್ದೆ, ನಮ್ಮ ಮೇಲೆ ಹೀಗೆ ಆಡಿದವನು ಯಾರ ಮೇಲಾದರೂ ಆಡುತ್ತಾನೆ ಅಂತ.

ಹಳೇ ವಿಕೆಟ್ ಕೀಪರ್

ಆರೇ ದಿನವಾ! ಮಯಂಕನಿಗೆ ಇದನ್ನು ಹೇಳಬೇಡಿ.

ವೆಸ್ಟ್‌ಗೇಟ್

ಪಿಕೆಟ್ ವಿಷಯ ತೆಗೆದರೆ ನನ್ನ ಬಾಯಿ ಕಟ್ಟಿತು. ಆದರೂ ಹೇಳುತ್ತೇನೆ ಕಡಲಹಕ್ಕಿ, ಅಂಥದ್ದು ಯಾವಾಗಲೋ ಒಮ್ಮೆ. ರಿಚ್ಮಂಡ್‌ಗೆ ಅವನ ಅರ್ಧ ವರ್ಷದ ಆಟ ಗೊತ್ತಿತ್ತು, ಒಂದೇ ಪಂದ್ಯ ನೋಡಿ ಹಾಕಲಿಲ್ಲ. ಶನಿವಾರದ ಒಂದು ಪಂದ್ಯ ನೋಡಿ ಹಾಫ್ ಬ್ಯಾಕ್ ಹುಡುಗನನ್ನು ಮೇಲಕ್ಕೆ ಕಳಿಸು ಅನ್ನುವವರಿಗೆ ನಾನು ಹೇಳುವುದು ಅದನ್ನೇ.

ರಕ್ ಹುಡುಗನನ್ನೂ ನಾನು ಈಗಲೇ ಕಳಿಸುವುದಿಲ್ಲ. ಮೇಲೆ ಅವನ ಎದುರು ನಿಲ್ಲುವವರು ಹತ್ತು ವರ್ಷ ಹಳಬರು, ಮೈ ತೂಕವೇ ಬೇರೆ. ರಕ್‌ಗೆ ಬೆಳೆಯಲು ಎಲ್ಲರಿಗಿಂತ ಜಾಸ್ತಿ ಸಮಯ ಬೇಕು. ಇನ್ನೊಂದು ಪೂರ್ತಿ ಚಳಿಗಾಲ ಇಲ್ಲೇ ಪೆಟ್ಟು ತಿನ್ನಲಿ.

ಲೆಕ್ಕದ ಪುಸ್ತಕ

ರಕ್ ವಿಷಯ ಒಪ್ಪಿದೆ. ಮೂರನೇ ಕ್ವಾರ್ಟರ್ ಮತ್ತೆ ನೋಡಿದೆ ಸರ್. ಹಾಫ್ ಬ್ಯಾಕ್ ಅಡ್ಡ ಒದ್ದದ್ದು ನಿಜ. ಆದರೆ ಮುಂದೆ ನಮ್ಮ ಉದ್ದ ಫಾರ್ವರ್ಡ್‌ಗಳು ಇಬ್ಬರೂ ಒಂದೇ ಜಾಗಕ್ಕೆ ಓಡುತ್ತಿದ್ದರು. ಅವನು ಯಾರಿಗೆ ಒದೆಯಬೇಕಿತ್ತು? ನಡುವೆ ದಾರಿ ತೆರೆದಿತ್ತು ಅಂತೀರಿ. ದಾರಿಯ ಕೊನೆಯಲ್ಲಿ ನಮ್ಮವನು ಯಾರೂ ಇರಲಿಲ್ಲ.

ವೆಸ್ಟ್‌ಗೇಟ್

ಇದ್ದ. ಚಿಕ್ಕ ಫಾರ್ವರ್ಡ್ ಕೈ ಎತ್ತಿಕೊಂಡು ಓಡುತ್ತಿದ್ದ. ಕ್ಯಾಮೆರಾದಲ್ಲಿ ಬಂದಿಲ್ಲ.

ಮಲ್ಲೇಶ್ವರ 18ನೇ ಕ್ರಾಸ್

ಹಾಗಾದರೆ ಈ ಜಗಳ ನನ್ನಂಥವರು ಬಿಡಿಸಲು ಸಾಧ್ಯವಿಲ್ಲ 🙂

ಆಸ್‌ಕಿಕ್ ಅಮ್ಮ

ನಾನು ಆ ಕಡೆ ಗೋಲಿನ ಹಿಂದೆಯೇ ಇದ್ದೆ. ಒಂದು ಸಲ ಅವನು ಕೈ ಎತ್ತಿ ಓಡಿದ್ದು ನಿಜ. ಇನ್ನು ಉಳಿದ ಸಲ ಅವನ ಪಕ್ಕದಲ್ಲೇ ಒಬ್ಬ ನೀಲಿ ಹಳದಿ ಜರ್ಸಿಯವನು ಇದ್ದ.

ಕಡಲಹಕ್ಕಿ

ಆ ನೀಲಿ ಹಳದಿಯವನೇ ನನ್ನ ಪಟ್ಟಿಯ ಎರಡನೆಯವನು!

ವೆಸ್ಟ್‌ಗೇಟ್

ಒಂದು ಸಲವಾದರೂ ಒದೆಯಬೇಕಿತ್ತು ತಾನೇ. ನನ್ನ ಅಂಕ ಬದಲಾಗುವುದಿಲ್ಲ, ಹತ್ತಕ್ಕೆ ಐದು. ಗುರುವಾರ ಸಂಜೆ ಸೀನಿಯರ್ ತಂಡ ಹೇಳುತ್ತಾರೆ, ಚಿಕ್ಕ ಫಾರ್ವರ್ಡ್ ಹೆಸರು ಬಂದರೆ ಇಲ್ಲೇ ಬರೆಯುತ್ತೇನೆ.

ಲೆಕ್ಕದ ಪುಸ್ತಕ

ಹತ್ತಕ್ಕೆ ಏಳು. ಹಾಫ್ ಬ್ಯಾಕ್ ಹೆಸರು ಬಂದರೆ ನಾನೂ ಬರೆಯುತ್ತೇನೆ.